ಮನೆ ಹೊತ್ತು ತಿರುಗುವ ಸನ್ಯಾಸಿ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಮನುಷ್ಯರಿಗೆ ಮಾತ್ರ ಸಲ್ಲುವಂಥದ್ದಲ್ಲ. ಕಡಲತಡಿಯಲ್ಲಿ ಒಂದು ಪುಟ್ಟ ಪ್ರಾಣಿಯಿದೆ. ಹುಟ್ಟಿದ ಕೆಲವು ವಾರಗಳಿಂದ ಸಾಯುವವರೆಗೂ ಅದಕ್ಕೆ ಮನೆಯದೇ ಚಿಂತೆ. ಸ್ವಂತ ಮನೆ ಕಟ್ಟುವ ಸಾಮರ್ಥ್ಯವನ್ನು ಪ್ರಕೃತಿ ಅದಕ್ಕೆ ಕೊಟ್ಟಿಲ್ಲ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಹೊಕ್ಕಂತೆ, ಸತ್ತ ಬಸವನಹುಳುವಿನ ಶಂಖಕ್ಕೆ ಹೊಕ್ಕು ಅದನ್ನೇ ಬೆನ್ನಿಗೇರಿಸಿಕೊಂಡು ಓಡಾಡುತ್ತದೆ. ಮೈ ಬೆಳೆಯುತ್ತದೆ, ಶಂಖ ಬೆಳೆಯುವುದಿಲ್ಲ. ಆಗ ಮತ್ತೊಂದು ಮನೆಯ ಹುಡುಕಾಟ, ಮತ್ತೊಂದು ಗೃಹಪ್ರವೇಶ. ಇದೇ ಸನ್ಯಾಸಿ ಏಡಿ.

ಹೆಸರೇನೋ ಸನ್ಯಾಸಿ. ಆದರೆ ಸನ್ಯಾಸಿಯ ಲಕ್ಷಣಗಳಲ್ಲಿ ಒಂದೂ ಇದಕ್ಕಿಲ್ಲ. ಮನೆಯ ಮೇಲೆ ಇದಕ್ಕಿರುವಷ್ಟು ಮೋಹ ಯಾವ ಸಂಸಾರಿಗೂ ಇರಲಾರದು. ಒಂಟಿಯಾಗಿರುವ ಜೀವವೂ ಇದಲ್ಲ. ನೆಲದ ಮೇಲೆ ಬದುಕುವ ಸನ್ಯಾಸಿ ಏಡಿಗಳ ಕುಲಕ್ಕೆ ಪ್ರಾಣಿಶಾಸ್ತ್ರಜ್ಞರು ಇಟ್ಟಿರುವ ಹೆಸರು ‘ಸೀನೋಬೈಟ’. ಮಠದಲ್ಲಿ ಇತರ ಸನ್ಯಾಸಿಗಳ ಜೊತೆ ಕೂಡಿ ಬಾಳುವವನು ಎಂಬುದು ಅದರ ಅರ್ಥ. ನಮ್ಮ ಕರಾವಳಿಯಲ್ಲಿ ಕಾಣುವ ಇನ್ನೊಂದು ಕುಲಕ್ಕೆ ‘ಡಯೋಜಿನೀಸ್’ ಎಂದು ಹೆಸರು. ಮನೆಮಠ ಬಿಟ್ಟು ದೊಡ್ಡ ಜಾಡಿಯೊಂದರಲ್ಲಿ ವಾಸ ಮಾಡುತ್ತಿದ್ದನೆಂದು ಹೇಳುವ ಗ್ರೀಕ್ ತತ್ತ್ವಜ್ಞಾನಿಯ ಹೆಸರು ಅದು. ಹೆಸರಿಟ್ಟವರಿಗೆ ಹಾಸ್ಯಪ್ರಜ್ಞೆ ಇತ್ತೆನ್ನಬೇಕು.

ಪ್ರಪಂಚದಲ್ಲಿ ಸಾವಿರಕ್ಕೂ ಹೆಚ್ಚು ಜಾತಿಯ ಸನ್ಯಾಸಿ ಏಡಿಗಳಿವೆ. ಬಹುಪಾಲು ಸಮುದ್ರವಾಸಿಗಳು, ನೆಲವನ್ನು ಮನೆ ಮಾಡಿಕೊಂಡವು ಇಪ್ಪತ್ತಕ್ಕೂ ಕಡಿಮೆ. ಇವು ಸಂಧಿಪದಿಗಳ ವಂಶಕ್ಕೆ ಸೇರಿದವು. ಸೀಗಡಿ, ಏಡಿಗಳ ದಾಯಾದಿಗಳು. ಆದರೆ ಗದ್ದೆಯ ಬದುವಿನಲ್ಲಿ ಕಾಣುವ ಏಡಿಯಂಥ ನಿಜವಾದ ಏಡಿಗಳಲ್ಲ, ಅದರ ಪಕ್ಕದ ಕವಲು. ಈ ಕವಲಿನ ಇತಿಹಾಸವೂ ಸಣ್ಣದಲ್ಲ. ಇಂಗ್ಲೆಂಡಿನಲ್ಲಿ ಸುಮಾರು 13 ಕೋಟಿ ವರ್ಷ ಹಳೆಯ ಬಂಡೆಯಲ್ಲಿ ಸಿಕ್ಕ ಸನ್ಯಾಸಿ ಏಡಿಯ ಪಳೆಯುಳಿಕೆಯೊಂದು ಅಮ್ಮೊನೈಟ್ ಎಂಬ ಪ್ರಾಣಿಯ ಸುರುಳಿ ಚಿಪ್ಪಿನೊಳಗೆ ಇತ್ತೆಂದು 2003ರಲ್ಲಿ ವರದಿಯಾಯಿತು. ಅಮ್ಮೊನೈಟ್‌ಗಳು ಡೈನೋಸಾರ್‌ಗಳ ಕಾಲಕ್ಕೇ ನಿರ್ವಂಶವಾದವು. ಬಾಡಿಗೆದಾರ ಮಾತ್ರ ಉಳಿದುಕೊಂಡು, ಮನೆ ಬದಲಾಯಿಸಿಕೊಂಡು, ಇಂದಿಗೂ ಬಾಳುತ್ತಿದ್ದಾನೆ.

ಅರ್ಧ ಯೋಧ, ಅರ್ಧ ಕೂಸು

ಶಂಖ ಏಕೆ ಬೇಕು ಎಂಬುದು ಏಡಿಯ ಮೈಕಟ್ಟನ್ನು ನೋಡಿದರೆ ತಿಳಿಯುತ್ತದೆ. ಮುಂಭಾಗವೆಲ್ಲ ಗಟ್ಟಿ ಕವಚ. ಕಡ್ಡಿಯ ತುದಿಗೆ ಕೂರಿಸಿದಂತಿರುವ ಎರಡು ಕಣ್ಣು, ಸದಾ ತಡಕಾಡುವ ಎರಡು ಜೊತೆ ಮೀಸೆ, ಇಕ್ಕಳದಂಥ ಮುಂಗಾಲುಗಳು. ಹಿಂಭಾಗ ಇದಕ್ಕೆ ತದ್ವಿರುದ್ಧ. ಕವಚವಿಲ್ಲದ, ಮೆತ್ತನೆಯ, ಬಲಕ್ಕೆ ತಿರುಚಿಕೊಂಡ ಹೊಟ್ಟೆ. ಮೀನೋ ಹಕ್ಕಿಯೋ ಒಮ್ಮೆ ಕುಕ್ಕಿದರೆ ಮುಗಿಯಿತು. ಬಸವನಹುಳುಗಳ ಶಂಖಗಳಲ್ಲಿ ಬಹುತೇಕ ಎಲ್ಲವೂ ಬಲಕ್ಕೆ ಸುರುಳಿ ಸುತ್ತಿದವೇ ಆದ್ದರಿಂದ ಏಡಿಯ ಹೊಟ್ಟೆಯೂ ಆ ಸುರುಳಿಗೆ ಹೊಂದುವಂತೆ ಬಾಗಿದೆ. ಬಾಲದ ತುದಿಯಲ್ಲಿರುವ ಕೊಕ್ಕೆಗಳು ಶಂಖದ ನಡುಗಂಬವನ್ನು ಗಟ್ಟಿಯಾಗಿ ಹಿಡಿದಿರುತ್ತವೆ.

ಕಾಲುಗಳ ಹಂಚಿಕೆಯೂ ಲೆಕ್ಕಾಚಾರದ್ದು. ಒಟ್ಟು ಐದು ಜೊತೆ. ಮೊದಲ ಜೊತೆ ಇಕ್ಕಳಗಳು. ನೆಲದ ಏಡಿಗಳಲ್ಲಿ ಎಡ ಇಕ್ಕಳ ದೊಡ್ಡದು; ಅಪಾಯ ಬಂದಾಗ ಒಳಕ್ಕೆ ಸರಿದು, ಈ ಇಕ್ಕಳವನ್ನೇ ಬಾಗಿಲಿನಂತೆ ಅಡ್ಡ ಹಿಡಿಯುತ್ತದೆ. ಎರಡನೆಯ ಮತ್ತು ಮೂರನೆಯ ಜೊತೆ ನಡೆಯುವುದಕ್ಕೆ. ಉಳಿದ ಎರಡು ಜೊತೆ ಪುಟ್ಟ ಕಾಲುಗಳು ಶಂಖದ ಒಳಗೇ ಇದ್ದು ಅದನ್ನು ಎತ್ತಿ ಹಿಡಿಯುವ ಕೆಲಸ ಮಾಡುತ್ತವೆ. ಹೊರಗೆ ಕಾಣುವ ಕಾಲುಗಳನ್ನು ಎಣಿಸಿ ‘ಇದಕ್ಕೆ ಆರೇ ಕಾಲು’ ಎಂದು ಬರೆದ ವಿದ್ಯಾರ್ಥಿಯನ್ನು ಬೈಯುವಂತಿಲ್ಲ, ಅವನು ನೋಡಿದ್ದನ್ನೇ ಬರೆದಿದ್ದಾನೆ.

ಒಂದು ಎಚ್ಚರಿಕೆ ಇಲ್ಲೇ ಹೇಳುವುದು ಒಳ್ಳೆಯದು. ಏಡಿಯನ್ನು ಶಂಖದಿಂದ ಎಳೆದು ತೆಗೆಯಲು ಯಾರೂ ಹೋಗಬಾರದು. ಹಿಡಿತ ಬಿಡುವ ಬದಲು ಅದರ ಮೈಯೇ ಹರಿದುಹೋದೀತು.

ಮನೆಗಾಗಿ ಸರತಿಯ ಸಾಲು

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಮಾತು ಸನ್ಯಾಸಿ ಏಡಿಯ ಪಾಲಿಗೆ ಅಕ್ಷರಶಃ ನಿಜ. ಬಿಗಿಯಾದ ಶಂಖದಲ್ಲಿ ಸಿಕ್ಕಿಕೊಂಡ ಏಡಿ ನಿಧಾನವಾಗಿ ಬೆಳೆಯುತ್ತದೆ. ಪೂರ್ತಿ ಒಳಸರಿಯಲಾಗದೆ ಶತ್ರುಗಳಿಗೆ ಸುಲಭವಾಗಿ ತುತ್ತಾಗುತ್ತದೆ. ಹೆಣ್ಣಾದರೆ ಕಡಿಮೆ ಮೊಟ್ಟೆಯಿಡುತ್ತದೆ. ಅತಿ ದೊಡ್ಡ ಶಂಖವೂ ಬೇಡ, ಹೊರಲಾರದ ಹೊರೆ. ಹಾಗಾಗಿ ಹೊಸ ಶಂಖ ಕಂಡೊಡನೆ ಏಡಿ ಅದನ್ನು ಉರುಳಿಸಿ, ಮೀಸೆಯಿಂದ ಮುಟ್ಟಿ, ಇಕ್ಕಳವನ್ನು ಬಾಯಿಯೊಳಕ್ಕೆ ತೂರಿಸಿ ಅಳತೆ ನೋಡುತ್ತದೆ. ಒಪ್ಪಿಗೆಯಾದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಹಳೆಯದರಿಂದ ಹೊಸದಕ್ಕೆ ಜಿಗಿತ.

ಇದಕ್ಕಿಂತ ಸೋಜಿಗದ ಸಂಗತಿ ಮುಂದಿದೆ. ದೊಡ್ಡ ಏಡಿಯೊಂದು ಬಿಟ್ಟುಹೋದ ಶಂಖ ಅದಕ್ಕಿಂತ ಚಿಕ್ಕದಕ್ಕೆ ಬಂಗಲೆ. ಅದು ಬಿಟ್ಟದ್ದು ಇನ್ನೂ ಚಿಕ್ಕದಕ್ಕೆ. ಹೀಗೆ ಒಂದೇ ಒಂದು ಖಾಲಿ ಶಂಖದಿಂದ ಹಲವು ಏಡಿಗಳ ವಸತಿ ಸಮಸ್ಯೆ ಬಗೆಹರಿಯುತ್ತದೆ. ಮನುಷ್ಯ ಸಮಾಜದಲ್ಲಿ ಒಂದು ಹುದ್ದೆ ತೆರವಾದಾಗ ಬಡ್ತಿಗಳ ಸಾಲು ಹೇಗೆ ಸರಿಯುತ್ತದೆಂಬುದನ್ನು ಸಮಾಜಶಾಸ್ತ್ರಜ್ಞ ಹ್ಯಾರಿಸನ್ ವೈಟ್ 1970ರಲ್ಲಿ ವಿವರಿಸಿದ್ದರು. ಮುಖ್ಯೋಪಾಧ್ಯಾಯರು ನಿವೃತ್ತರಾದರೆ ಕೆಳಗಿನ ಮೂವರಿಗೆ ಅನುಕೂಲವಾಗುವ ಹಾಗೆ! ಇದೇ ‘ತೆರವಿನ ಸರಪಳಿ’ ಏಡಿಗಳಲ್ಲೂ ಇದೆಯೆಂದು 1980ರ ದಶಕದಲ್ಲಿ ಅಮೆರಿಕದ ಲಾಂಗ್ ಐಲೆಂಡ್ ತೀರದಲ್ಲಿ ಐವಾನ್ ಚೇಸ್ ತೋರಿಸಿಕೊಟ್ಟರು. ಅವರೂ ಸಮಾಜಶಾಸ್ತ್ರಜ್ಞರೇ.

ಮಧ್ಯ ಅಮೆರಿಕದ ಬೆಲೀಜ್ ದೇಶದಲ್ಲಿ ರ್‍ಯಾಂಡಿ ರಾಟ್ಜನ್ ಮತ್ತು ಸಂಗಡಿಗರು ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಸ್ವಾರಸ್ಯಕರ. ತೀರದಲ್ಲಿ ದೊಡ್ಡ ಶಂಖವೊಂದು ಖಾಲಿ ಬಿದ್ದಿದೆ. ಬಂದ ಏಡಿ ಅಳತೆ ನೋಡುತ್ತದೆ, ತನಗೆ ದೊಡ್ಡದು. ಬಿಟ್ಟುಹೋಗುವುದಿಲ್ಲ, ಅಲ್ಲೇ ಕಾಯುತ್ತದೆ. ಇನ್ನೊಂದು ಬರುತ್ತದೆ, ಮತ್ತೊಂದು ಬರುತ್ತದೆ. ದೊಡ್ಡದರ ಹಿಂದೆ ಚಿಕ್ಕದು, ಅದರ ಹಿಂದೆ ಇನ್ನೂ ಚಿಕ್ಕದು, ಒಂದರ ಶಂಖವನ್ನು ಇನ್ನೊಂದು ಹಿಡಿದುಕೊಂಡು, ಗಾತ್ರಕ್ಕನುಗುಣವಾಗಿ ಸಾಲು ನಿಲ್ಲುತ್ತವೆ. ಕಡೆಗೆ ಆ ಶಂಖಕ್ಕೆ ಸರಿಹೊಂದುವ ಏಡಿ ಬಂದು ಒಳಹೊಕ್ಕ ಮರುಗಳಿಗೆ ಸಾಲಿಗೆ ಸಾಲೇ ಒಂದೊಂದು ಮನೆ ಮುಂದಕ್ಕೆ. ಕೊನೆಯಲ್ಲಿ ಉಳಿಯುವುದು ಅತಿ ಚಿಕ್ಕ ಶಂಖವೊಂದೇ. ನಮ್ಮ ಬಸ್ ನಿಲ್ದಾಣಗಳಲ್ಲಿ ಇಂಥ ಶಿಸ್ತು ಕಾಣುವುದು ಕಷ್ಟ.

ಹಾಗೆಂದು ಎಲ್ಲವೂ ಧರ್ಮರಾಯರಲ್ಲ. ಯೂರೋಪಿನ ಕಡಲ ಏಡಿ ಪಗ್ಯೂರಸ್, ಇನ್ನೊಂದರ ಶಂಖ ಬೇಕೆನಿಸಿದರೆ ತನ್ನ ಶಂಖವನ್ನು ಅದಕ್ಕೆ ಢಬಢಬ ಬಡಿಯುತ್ತದೆ. ಸ್ವಲ್ಪ ಬಿಡುವು, ಮತ್ತೆ ಬಡಿತ. ಒಳಗಿನದು ಸೋತರೆ ಬರಿಮೈಯಲ್ಲಿ ಹೊರಬರಬೇಕು. ಕೋಸ್ಟಾರಿಕಾದ ನೆಲದ ಏಡಿಗಳು ಗುಂಪುಗೂಡಿ ಒಂದನ್ನು ಹೊರಗೆಳೆಯುವುದೂ ಉಂಟು. ಮಾರ್ಕ್ ಲೈಡ್ರೆ ಅಲ್ಲಿ ಕಂಡುಕೊಂಡಂತೆ, ನೆಲದ ಏಡಿಗಳು ಶಂಖವನ್ನು ಸಿಕ್ಕಂತೆ ಬಳಸುವುದಿಲ್ಲ. ಒಳಗೋಡೆಯನ್ನು ಸವೆಸಿ, ಜಾಗ ಹಿಗ್ಗಿಸಿ, ಹಗುರ ಮಾಡುತ್ತವೆ. ಹೀಗೆ ಹಲವು ಬಾಡಿಗೆದಾರರ ಕೈ ದಾಟಿದ ಹಳೆ ಮನೆಗೇ ಬೇಡಿಕೆ ಜಾಸ್ತಿ.

ಶಂಖದ ಬರ ಎಷ್ಟೆಂಬುದಕ್ಕೆ ಅಟ್ಲಾಂಟಿಕ್ ಸಾಗರದ ಬರ್ಮುಡಾ ದ್ವೀಪ ಸಾಕ್ಷಿ. ಅಲ್ಲಿನ ದೊಡ್ಡ ಸನ್ಯಾಸಿ ಏಡಿಗಳಿಗೆ ಹೊಂದುತ್ತಿದ್ದುದು ಒಂದೇ ಜಾತಿಯ ದಪ್ಪ ಬಸವನಹುಳುವಿನ ಶಂಖ. ಹದಿನೇಳನೆಯ ಶತಮಾನದಿಂದ ನೆಲೆಸಿದ ಜನ ಆ ಹುಳುವನ್ನು ತಿಂದು ತಿಂದು ದ್ವೀಪದಿಂದಲೇ ಇಲ್ಲವಾಗಿಸಿದರು. ಏಡಿಗಳೇನು ಮಾಡಬೇಕು? ಮರಳುಗುಡ್ಡಗಳು ಸವೆದಾಗ ಹೊರಬೀಳುವ, 1,20,000 ವರ್ಷ ಹಳೆಯ ಪಳೆಯುಳಿಕೆ ಶಂಖಗಳನ್ನು ಹೊಕ್ಕವು! ಈ ವಿಚಿತ್ರವನ್ನು ಪ್ರಸಿದ್ಧ ಜೀವವಿಕಾಸ ವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್ ತಮ್ಮ ಪ್ರಬಂಧವೊಂದರಲ್ಲಿ ವರ್ಣಿಸಿದ್ದಾರೆ. 1982ರಲ್ಲಿ ಆ ಬಸವನಹುಳುವನ್ನು ಹೊರಗಿನಿಂದ ತಂದು ಬಿಟ್ಟ ಮೇಲೆ ಅದು ಅಲ್ಲಿ ಮತ್ತೆ ನೆಲೆಯೂರಿದೆ.

ಕಡಲಲ್ಲಿ ಹುಟ್ಟು, ನೆಲದಲ್ಲಿ ಬಾಳು

ನೆಲದ ಸನ್ಯಾಸಿ ಏಡಿ ಉಸಿರಾಡುವುದು ಕಿವಿರುಗಳಿಂದಲೇ. ಆದರೆ ಅವು ಗಾಳಿಗೆ ಒಗ್ಗಿಕೊಂಡಂಥ ಕಿವಿರುಗಳು. ಜೊತೆಗೆ ಕವಚದ ಒಳಮೈಯೂ ಶ್ವಾಸಕೋಶದಂತೆ ನೆರವಾಗುತ್ತದೆ. ಇವು ಯಾವಾಗಲೂ ತೇವವಾಗಿರಬೇಕು. ಅದಕ್ಕೆಂದೇ ಏಡಿ ಶಂಖದೊಳಗೆ ಸ್ವಲ್ಪ ನೀರನ್ನು ಹೊತ್ತು ತಿರುಗುತ್ತದೆ. ಒಣಗಿದರೆ ಉಸಿರುಕಟ್ಟಿ ಸಾವು. ಬಹಳ ಹೊತ್ತು ನೀರಲ್ಲಿ ಮುಳುಗಿಸಿಟ್ಟರೂ ಸಾವು. ಕಡಲ ಜಾತಿಗಳ ಕಥೆ ಬೇರೆ, ಅವು ನೀರು ಬಿಟ್ಟು ಬಹುಕಾಲ ಬದುಕಲಾರವು.

ಹೆಣ್ಣು ಮೊಟ್ಟೆಗಳನ್ನು ಹೊಟ್ಟೆಗಂಟಿಸಿಕೊಂಡು ಶಂಖದೊಳಗೇ ಕಾಪಾಡುತ್ತದೆ. ದಿನ ತುಂಬಿದಾಗ ಕಡಲಂಚಿಗೆ ಬರುತ್ತದೆ. ಉಪ್ಪುನೀರು ಸೋಕಿದೊಡನೆ ಮೊಟ್ಟೆಯೊಡೆದು ತೀರಾ ಪುಟ್ಟ ಡಿಂಬಗಳು ಅಲೆಗಳ ಪಾಲಾಗುತ್ತವೆ. ವಾರಗಟ್ಟಲೆ ತೇಲುತ್ತ, ಹಲವು ಸಲ ಪೊರೆ ಕಳಚಿ ರೂಪ ಬದಲಿಸುತ್ತ, ಮೀನುಗಳ ಬಾಯಿಗೆ ಬೀಳದೆ ಉಳಿದ ಕೆಲವೇ ಮರಿಗಳು ಸಾಸಿವೆಯಂಥ ಶಂಖ ಹುಡುಕಿಕೊಂಡು ದಡ ಹತ್ತುತ್ತವೆ. ಈ ಘಟ್ಟವನ್ನು ಮನೆಯ ಗಾಜಿನ ಪೆಟ್ಟಿಗೆಯಲ್ಲಿ ದಾಟಿಸುವುದು ಎಷ್ಟು ಕಷ್ಟವೆಂದರೆ, ಇತ್ತೀಚಿನ ವರ್ಷಗಳಲ್ಲಿ ಬೆರಳೆಣಿಕೆಯ ಆಸಕ್ತರು ಮಾತ್ರ ಯಶಸ್ಸು ಕಂಡಿದ್ದಾರೆ. ಪಾಲಕರು ಗಮನಿಸಬೇಕಾದ ಮುಖ್ಯ ವಿಷಯ ಇದು. ಅಂಗಡಿಯಲ್ಲಿ ಮಾರಾಟಕ್ಕಿರುವ ನೆಲದ ಸನ್ಯಾಸಿ ಏಡಿ ಸಾಕಣೆ ಕೇಂದ್ರದಲ್ಲಿ ಹುಟ್ಟಿದ ಗಿಳಿಮರಿಯಂಥದ್ದಲ್ಲ. ಯಾವುದೋ ತೀರದಿಂದ ಹಿಡಿದು ತಂದ ಕಾಡುಜೀವಿ.

ಆಟಿಕೆಯಾದ ಏಡಿ

ಅಮೆರಿಕದಲ್ಲಿ ಈ ವ್ಯಾಪಾರ ದೊಡ್ಡದು. ಕೆರಿಬಿಯನ್ ದ್ವೀಪಗಳಲ್ಲಿ ಹಿಡಿದ ‘ಸೀನೋಬೈಟ ಕ್ಲಿಪಿಯೇಟಸ್’ ಎಂಬ ನೇರಳೆ ಇಕ್ಕಳದ ಏಡಿಗಳನ್ನು ನ್ಯೂ ಜೆರ್ಸಿ, ಮೇರಿಲ್ಯಾಂಡ್ ರಾಜ್ಯಗಳ ಕಡಲತೀರದ ಅಂಗಡಿಗಳಲ್ಲಿ, ಗಾಢ ಬಣ್ಣ ಬಳಿದ ಶಂಖಗಳಲ್ಲಿ, ಪುಟ್ಟ ತಂತಿ ಪಂಜರಗಳಲ್ಲಿಟ್ಟು ಮಾರುತ್ತಾರೆ. ಬೆಲೆ ಅಗ್ಗ. ‘ಏನೂ ಆರೈಕೆ ಬೇಡದ ಪ್ರಾಣಿ’ ಎಂಬ ಖ್ಯಾತಿ ಬೇರೆ. ನ್ಯೂ ಜೆರ್ಸಿಯಲ್ಲಿ ಕನ್ನಡ ಕುಟುಂಬಗಳು ಸಾಕಷ್ಟಿವೆ. ಅಲ್ಲಿನ ಮಕ್ಕಳ ಕಣ್ಣಿಗೂ ಇವು ಬೀಳದಿರಲಾರವು. ಸರಿಯಾಗಿ ನೋಡಿಕೊಂಡರೆ ಮೂವತ್ತು ವರ್ಷಕ್ಕೂ ಮೀರಿ ಬದುಕಬಲ್ಲ ಜೀವ ಇದು. 1976ರಲ್ಲಿ ಕೊಂಡ ಏಡಿಯೊಂದನ್ನು ಅಮೆರಿಕದ ಮಹಿಳೆಯೊಬ್ಬರು ನಾಲ್ಕು ದಶಕಕ್ಕೂ ಹೆಚ್ಚು ಕಾಲ ಸಾಕಿದ್ದರು. ಹಾಗಿದ್ದೂ ಕೊಂಡೊಯ್ದ ಏಡಿಗಳಲ್ಲಿ ಹಲವು ವರ್ಷ ತುಂಬುವುದರೊಳಗೆ ಸಾಯುತ್ತವೆ. ಕಾರಣ ರೋಗವಲ್ಲ, ಅಜ್ಞಾನ.

ತಂತಿ ಪಂಜರದಲ್ಲಿ ತೇವ ನಿಲ್ಲುವುದಿಲ್ಲ. ಏಡಿ ದಿನದಿನಕ್ಕೆ ಉಸಿರುಗಟ್ಟುತ್ತ ಹೋಗುತ್ತದೆ. ಇದಕ್ಕೆ ಬೇಕಾದುದು ಮುಚ್ಚಳವಿರುವ ಗಾಜಿನ ತೊಟ್ಟಿ, ಶೇಕಡ 75ರಿಂದ 85ರಷ್ಟು ತೇವಾಂಶ, 24ರಿಂದ 29 ಡಿಗ್ರಿ ಸೆಲ್ಸಿಯಸ್ ಶಾಖ. ಇವನ್ನು ಅಂದಾಜಿನಲ್ಲಿ ಹೇಳಬಾರದು, ಮಾಪಕ ಇಟ್ಟು ಅಳೆಯಬೇಕು. ತಳದಲ್ಲಿ ತೆಂಗಿನ ನಾರಿನ ಪುಡಿ ಬೆರೆಸಿದ ಒದ್ದೆ ಮರಳು ಕನಿಷ್ಠ 15 ಸೆಂಟಿಮೀಟರು ಆಳವಿರಲೇಬೇಕು. ದೊಡ್ಡ ಏಡಿಗೆ ಇನ್ನೂ ಆಳ. ಮರಳಿನ ಗೋಪುರ ಕಟ್ಟಿದರೆ ಕುಸಿಯದೆ ನಿಲ್ಲುವಷ್ಟು ಒದ್ದೆಯಾಗಿದ್ದರೆ ಹದ ಸರಿ. ಎರಡು ಬಟ್ಟಲು ನೀರು, ಒಂದು ಸಿಹಿ, ಒಂದು ಉಪ್ಪು. ನಲ್ಲಿಯ ನೀರಿನ ಕ್ಲೋರಿನ್ ತೆಗೆದಿರಬೇಕು. ಉಪ್ಪುನೀರಿಗೆ ಅಡುಗೆಯ ಉಪ್ಪು ಕೂಡದು, ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಕಡಲುಪ್ಪಿನ ಮಿಶ್ರಣವೇ ಆಗಬೇಕು. ಹತ್ತಿ ಬರಲು ಬಟ್ಟಲಿನಲ್ಲಿ ಒಂದೆರಡು ಕಲ್ಲು. ಬಣ್ಣ ಬಳಿಯದ, ಬೇರೆಬೇರೆ ಅಳತೆಯ ಶಂಖಗಳು ತಲೆಗೆ ಮೂರು ನಾಲ್ಕು. ಬಳಿದ ಬಣ್ಣ ಚಕ್ಕೆಯೆದ್ದು ಹೊಟ್ಟೆಗೆ ಹೋಗುತ್ತದೆ.

ಊಟದ ವಿಷಯದಲ್ಲಿ ಮಾತ್ರ ಇದು ನಿಜವಾದ ಭಿಕ್ಷುಕ. ಕಾಡಿನಲ್ಲಿ ಬಿದ್ದ ಹಣ್ಣು, ಕೊಳೆತ ಎಲೆ, ಸತ್ತ ಮೀನು ಎಲ್ಲವೂ ನಡೆಯುತ್ತದೆ. ಮನೆಯಲ್ಲಿ ತೆಂಗಿನಕಾಯಿ ಚೂರು, ಪಪ್ಪಾಯಿ, ಉಪ್ಪಿಲ್ಲದ ಒಣ ಸೀಗಡಿ, ಸುಣ್ಣದ ಅಂಶಕ್ಕೆ ಮೊಟ್ಟೆ ಚಿಪ್ಪಿನ ಪುಡಿ ಅಥವಾ ಸಮುದ್ರನೊರೆ ಕೊಡಬಹುದು. ಸೊಳ್ಳೆ, ಜಿರಲೆಗಳಿಗೆ ಸಿಂಪಡಿಸುವ ಔಷಧ ತೊಟ್ಟಿಯ ಹತ್ತಿರಕ್ಕೂ ಸುಳಿಯಬಾರದು. ಜಿರಲೆಯ ನರಮಂಡಲವನ್ನು ಕೆಡಿಸುವ ವಿಷ ಈ ದೂರದ ನೆಂಟನನ್ನೂ ಬಿಡುವುದಿಲ್ಲ. ಸನ್ಯಾಸಿ ಎಂದು ಒಂದೇ ಏಡಿಯನ್ನು ಇಡುವುದೂ ತಪ್ಪು, ಇದಕ್ಕೆ ಸಹವಾಸ ಬೇಕು.

ಅತಿ ಹೆಚ್ಚು ಏಡಿಗಳು ಬಲಿಯಾಗುವುದು ಪೊರೆ ಕಳಚುವ ಕಾಲದಲ್ಲಿ. ಹೊರಗವಚ ಹಿಗ್ಗುವುದಿಲ್ಲವಾದ್ದರಿಂದ ಬೆಳೆಯಬೇಕಾದರೆ ಅದನ್ನು ಕಳಚಲೇಬೇಕು. ಏಡಿ ನೀರನ್ನೂ ಕೊಬ್ಬನ್ನೂ ಮೈಯಲ್ಲಿ ಕೂಡಿಸಿಕೊಂಡು ಒದ್ದೆ ಮರಳಿನಲ್ಲಿ ಹೂತುಕೊಳ್ಳುತ್ತದೆ. ನಾಲ್ಕರಿಂದ ಎಂಟು ವಾರ, ದೊಡ್ಡದಾದರೆ ಇನ್ನೂ ಹೆಚ್ಚು, ಮೇಲೆ ಬರುವುದೇ ಇಲ್ಲ. ಕಳಚಿದ ಕವಚವನ್ನು ತಾನೇ ತಿಂದು ಅದರಲ್ಲಿನ ಸುಣ್ಣವನ್ನು ಹೊಸ ಕವಚಕ್ಕೆ ಬಳಸಿಕೊಳ್ಳುತ್ತದೆ. ಕಳೆದುಕೊಂಡ ಕಾಲು ಮತ್ತೆ ಮೂಡುವುದೂ ಈಗಲೇ. ಇತ್ತ ಮನೆಯವರು ‘ಸತ್ತೇಹೋಯಿತೇನೋ’ ಎಂದು ಮರಳು ಕೆದಕುತ್ತಾರೆ. ಬೆಣ್ಣೆಯಂಥ ಮೈಯ ಏಡಿ ಆಗ ನಿಜವಾಗಿಯೂ ಸಾಯುತ್ತದೆ. ಕೆಲವರು ಹೊರಬಿದ್ದ ಪೊರೆಯನ್ನೇ ಹೆಣವೆಂದು ತಿಳಿದು, ಜೀವಂತ ಏಡಿಯ ಸಮೇತ ತೊಟ್ಟಿ ಖಾಲಿ ಮಾಡಿದ್ದುಂಟು. ಪೊರೆ ಟೊಳ್ಳಾಗಿರುತ್ತದೆ. ಸತ್ತ ಏಡಿಯಾದರೆ ಕೊಳೆತ ಮೀನಿನ ನಾತ ತಾನೇ ಹೇಳುತ್ತದೆ.

ಇಷ್ಟೆಲ್ಲ ಮಾಡಿಸಬಲ್ಲ ಪಾಲಕರು ಎಷ್ಟು ಮಂದಿ? ಮಗು ಹೈಸ್ಕೂಲು ಮುಗಿಸಿ, ಕಾಲೇಜು ಮುಗಿಸಿ, ಕೆಲಸಕ್ಕೆ ಸೇರಿ ಊರು ಬಿಟ್ಟ ಮೇಲೂ ತೊಟ್ಟಿಯ ಮುಂದೆ ಕೂರುವವರು ಯಾರು ಎಂಬುದನ್ನು ಕೊಳ್ಳುವ ಮೊದಲೇ ಯೋಚಿಸಬೇಕು. ‘ಅದಕ್ಕೇನು ನೋವಾಗುತ್ತದೆಯೇ’ ಎಂಬ ಪ್ರಶ್ನೆಗೂ ಈಗ ತಕ್ಕಮಟ್ಟಿನ ಉತ್ತರವಿದೆ. ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದ ರಾಬರ್ಟ್ ಎಲ್‌ವುಡ್ ಮತ್ತು ಸಹೋದ್ಯೋಗಿ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಡಲ ಸನ್ಯಾಸಿ ಏಡಿಗಳಿಗೆ ಶಂಖದೊಳಗೆ ಸಣ್ಣ ವಿದ್ಯುತ್ ಆಘಾತ ಕೊಡಲಾಯಿತು. ಇಷ್ಟವಿಲ್ಲದ ಜಾತಿಯ ಶಂಖದಲ್ಲಿದ್ದವು ಬೇಗ ಮನೆ ಬಿಟ್ಟವು. ಮೆಚ್ಚಿನ ಶಂಖದಲ್ಲಿದ್ದವು ಸಹಿಸಿಕೊಂಡು ಕುಳಿತವು. ಬರಿಯ ಯಾಂತ್ರಿಕ ಪ್ರತಿಕ್ರಿಯೆಯಾಗಿದ್ದರೆ ಈ ವ್ಯತ್ಯಾಸ ಏಕೆ? ನೋವನ್ನೂ ಮನೆಯ ಬೆಲೆಯನ್ನೂ ಅವು ತೂಗಿ ನೋಡಿದಂತಿತ್ತು. ಬ್ರಿಟನ್ 2022ರಲ್ಲಿ ಮಾಡಿದ ಪ್ರಾಣಿಗಳ ಸಂವೇದನೆಗೆ ಸಂಬಂಧಿಸಿದ ಕಾನೂನಿನಲ್ಲಿ ಏಡಿ, ಸೀಗಡಿಗಳ ಗುಂಪನ್ನೂ ಸೇರಿಸಿತು. ಜಪಾನಿನಲ್ಲಿ ನೆಲದ ಸನ್ಯಾಸಿ ಏಡಿಗಳು 1970ರಿಂದಲೇ ರಾಷ್ಟ್ರದ ನೈಸರ್ಗಿಕ ಸ್ಮಾರಕ. ಆದರೂ 2025ರ ಮೇ ತಿಂಗಳಲ್ಲಿ ಅಮಾಮಿ ದ್ವೀಪದಿಂದ ಸಾವಿರಾರು ಏಡಿಗಳನ್ನು ಸೂಟ್‌ಕೇಸ್‌ಗಳಲ್ಲಿ ತುಂಬಿಕೊಂಡಿದ್ದವರು ಪೊಲೀಸರ ಕೈಗೆ ಸಿಕ್ಕಿಬಿದ್ದರು.

ಬಾಟಲಿಯೆಂಬ ಬಲೆ

ಹಿಡಿಯುವವರಿಲ್ಲದ ದ್ವೀಪಗಳಲ್ಲೂ ಇವಕ್ಕೆ ನೆಮ್ಮದಿಯಿಲ್ಲ. ಹಿಂದೂ ಮಹಾಸಾಗರದ ಕೊಕೋಸ್ ದ್ವೀಪಗಳಲ್ಲಿ ಸುಮಾರು 5,08,000, ಶಾಂತಸಾಗರದ ನಿರ್ಜನ ಹೆಂಡರ್ಸನ್ ದ್ವೀಪದಲ್ಲಿ ಸುಮಾರು 61,000 ಸನ್ಯಾಸಿ ಏಡಿಗಳು ಪ್ಲಾಸ್ಟಿಕ್ ಕಸದಲ್ಲಿ ಸಿಕ್ಕಿ ಸತ್ತಿರಬಹುದೆಂದು 2019ರ ಕೊನೆಯಲ್ಲಿ ಹೊರಬಂದ ಅಧ್ಯಯನವೊಂದು ಅಂದಾಜಿಸಿತು. ಒಂದೇ ಡಬ್ಬಿಯಲ್ಲಿ 526 ಏಡಿಗಳಿದ್ದವು! ಆಹಾರವನ್ನೋ ಮನೆಯನ್ನೋ ಅರಸಿ ಬಾಟಲಿಗೆ ಇಳಿದ ಏಡಿಗೆ ನುಣುಪು ಗೋಡೆ ಹತ್ತಿ ಬರಲಾಗುವುದಿಲ್ಲ. ಅದು ಅಲ್ಲೇ ಸಾಯುತ್ತದೆ. ನೆಲದ ಏಡಿಗಳಿಗೆ ತಮ್ಮವರ ಸಾವಿನ ವಾಸನೆಯೆಂದರೆ ‘ಮನೆ ಖಾಲಿಯಿದೆ’ ಎಂಬ ಫಲಕವಿದ್ದಂತೆ. ಆ ವಾಸನೆ ಹಿಡಿದು ಇನ್ನೊಂದು ಬಂದು ಬೀಳುತ್ತದೆ, ಅದರ ಹಿಂದೆ ಮತ್ತೊಂದು. ಕೋಟ್ಯಂತರ ವರ್ಷಗಳಿಂದ ಜೀವ ಉಳಿಸಿದ ಗುಣವೇ ಬಾಟಲಿಯ ಬಾಯಿಯಲ್ಲಿ ಜೀವ ತೆಗೆಯುತ್ತಿದೆ. ಶಂಖದ ಬದಲು ಬಾಟಲಿ ಮುಚ್ಚಳ, ಬಲ್ಬಿನ ಚೂರು ಹೊತ್ತ ಏಡಿಗಳ ಚಿತ್ರಗಳನ್ನು ಕಲೆಹಾಕಿದ 2024ರ ಅಧ್ಯಯನವೊಂದರಲ್ಲಿ ನೆಲದ ಏಡಿಗಳ 16 ಜಾತಿಗಳ ಪೈಕಿ 10 ಈ ಕಸವನ್ನೇ ಮನೆ ಮಾಡಿಕೊಂಡಿದ್ದವು.

ನಮ್ಮ ದೇಶದಲ್ಲಿ ನೆಲದ ಸನ್ಯಾಸಿ ಏಡಿಗಳನ್ನು ಅಂಡಮಾನ್-ನಿಕೋಬಾರ್ ಮತ್ತು ಲಕ್ಷದ್ವೀಪಗಳಲ್ಲಿ ಕಾಣಬಹುದು. ಅಂಡಮಾನ್-ನಿಕೋಬಾರ್‌ಗಳಲ್ಲಿ ಇವುಗಳ ಹಿರಿಯಣ್ಣ ‘ತೆಂಗಿನ ಏಡಿ’ಯೂ ಇದೆ. ಬಾಲ್ಯದಲ್ಲಷ್ಟೇ ಶಂಖ ಹೊತ್ತು, ಬೆಳೆದ ಮೇಲೆ ಬಿಸುಟು, ನಾಲ್ಕು ಕಿಲೋ ತೂಗುವಷ್ಟು ದೊಡ್ಡದಾಗುವ ಇದಕ್ಕೆ ವನ್ಯಜೀವಿ ಕಾಯ್ದೆಯ ಒಂದನೆಯ ಅನುಸೂಚಿಯ ರಕ್ಷಣೆಯಿದೆ. ಹಿಡಿದರೆ ಜೈಲು.

ಕಾರವಾರದಿಂದ ಉಳ್ಳಾಲದವರೆಗಿನ ನಮ್ಮ ತೀರದಲ್ಲಿ ಸಿಗುವುದು ಡಯೋಜಿನೀಸ್, ಕ್ಲಿಬನೇರಿಯಸ್ ಮೊದಲಾದ ಕಡಲ ಜಾತಿಗಳು. ಎಡ ಇಕ್ಕಳ ದಪ್ಪವಾಗಿದ್ದರೆ ಡಯೋಜಿನೀಸ್, ಎರಡೂ ಸಮನಾಗಿದ್ದರೆ ಕ್ಲಿಬನೇರಿಯಸ್ ಎಂದು ಸ್ಥೂಲವಾಗಿ ಗುರುತಿಸಬಹುದು. ರಜೆಗೆ ಬಂದ ಮಕ್ಕಳು ಚೆಂದದ ಶಂಖವೆಂದು ಆರಿಸಿ ಚೀಲಕ್ಕೆ ಹಾಕಿಕೊಳ್ಳುವುದು, ಊರು ತಲುಪಿದ ಮೇಲೆ ಚೀಲವೆಲ್ಲ ನಾರುವುದು ಎಷ್ಟೋ ಮನೆಗಳಲ್ಲಿ ನಡೆದಿರುವ ಸಂಗತಿ. ಶಂಖವನ್ನು ಅಂಗೈ ಮೇಲೆ ಬಾಯಿ ಮೇಲಾಗಿ ಇಟ್ಟುಕೊಂಡು ಎರಡು ನಿಮಿಷ ಅಲುಗದೆ ಕಾದರೆ, ಒಳಗೆ ಜೀವವಿದ್ದರೆ ಮೀಸೆ ಹೊರಬರುತ್ತದೆ. ಅಲ್ಲಿಯೇ ನೀರಿಗೆ ಬಿಟ್ಟುಬಿಡಬೇಕು.

ಇವುಗಳನ್ನು ನೋಡಲು ಹಣ ಖರ್ಚಿಲ್ಲ. ಹುಣ್ಣಿಮೆ ಅಥವಾ ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಬಹಳ ಕೆಳಗಿಳಿಯುತ್ತದೆ. ಇಳಿತದ ಹೊತ್ತನ್ನು ಮೀನುಗಾರರಿಂದ ಕೇಳಿ ತಿಳಿದು, ದೊಡ್ಡವರೊಬ್ಬರ ಜೊತೆ ಬಂಡೆಗಳ ಸಂದಿನ ನೀರಿನ ಗುಂಡಿಯ ಬಳಿ ಕೂರಬೇಕು. ನೆರಳು ನೀರಿನ ಮೇಲೆ ಬೀಳದಿರಲಿ. ಮೊದಲು ಏನೂ ಕಾಣುವುದಿಲ್ಲ. ಸ್ವಲ್ಪ ಹೊತ್ತಿಗೆ ‘ಬಸವನಹುಳು’ಗಳಲ್ಲಿ ಕೆಲವು ಬಸವನಹುಳುವಿಗೆ ಮೀರಿದ ವೇಗದಲ್ಲಿ ಓಡತೊಡಗುತ್ತವೆ. ತೀರದಲ್ಲೇ ಸಿಕ್ಕ ಖಾಲಿ ಶಂಖವೊಂದನ್ನು ಮೆಲ್ಲನೆ ಗುಂಡಿಗಿಳಿಸಿ ಕಾಯಬೇಕು, ಗಡಿಯಾರ ನೋಡಿಕೊಂಡು. ಮೊದಲ ಏಡಿ ಬಂದದ್ದು ಎಷ್ಟು ಹೊತ್ತಿಗೆ, ಎಷ್ಟು ಸಲ ಉರುಳಿಸಿ ನೋಡಿತು, ಹೊಕ್ಕಿತೇ, ಅದು ಬಿಟ್ಟ ಶಂಖಕ್ಕೆ ಯಾರು ಬಂದರು ಎಂದು ಬರೆದಿಟ್ಟುಕೊಳ್ಳಬಹುದು. ಹೊಸ ಮನೆ ಹೊಕ್ಕು, ಒಂದು ಸುತ್ತು ನಡೆದು ನೋಡಿ, ಮನಸ್ಸೊಪ್ಪದೆ ಹಳೆಯದಕ್ಕೇ ಮರಳುವ ಏಡಿಗಳೂ ಇರುತ್ತವೆ. ಅದನ್ನೂ ಬರೆಯಬೇಕು.